ಹೈಸ್ಕೂಲ್ ಚಿತ್ರಕಲೆ: ಆದರ್ಶ ದೇಹದ ಅಳತೆಯೋ, ಕಣ್ಣೆದುರಿನ ದೇಹವೋ?

ಕಲಬುರಗಿಯ ಡ್ರಾಯಿಂಗ್ ಮೇಷ್ಟ್ರು ಮಕ್ಕಳಿಗೆ ಮನುಷ್ಯಾಕೃತಿ ಕಲಿಸಲು ಎರಡು ದಾರಿಗಳಿವೆ.

ಒಂದು, ಅಳತೆಯ ದಾರಿ. ಶಿಲ್ಪಶಾಸ್ತ್ರದ ನವತಾಲದಲ್ಲಿ, ಅಂದರೆ ಒಂಬತ್ತು ತಾಲದ ಅಳತೆಯಲ್ಲಿ, ಮುಖದ ಉದ್ದ ಒಂದು ತಾಲ, ಅಂದರೆ 12 ಅಂಗುಲ (ಇದು ಇಂಚಲ್ಲ, ಮೂರ್ತಿಯ ಗಾತ್ರಕ್ಕೆ ತಕ್ಕಂತೆ ಬದಲಾಗುವ ಅಳತೆ). ಇಡೀ ಮೂರ್ತಿ 108 ಅಂಗುಲ. ಪಾಶ್ಚಾತ್ಯ ಪಾಠದಲ್ಲಿ ದೇಹ ಎಂಟು ತಲೆಯಷ್ಟು ಎತ್ತರ. ಅನುಪಾತ ಬೇಗ ಕೈಗೆ ಹತ್ತುತ್ತದೆ. ಬೀದರ್ ಜಿಲ್ಲೆಯ ಜಲಸಂಗಿ ದೇವಾಲಯದ ಶಿಲಾಬಾಲಿಕೆಯರನ್ನೋ, ಕಲಬುರಗಿಯಲ್ಲೇ ಹುಟ್ಟಿದ ಚಿತ್ರಕಲಾವಿದ ಎಸ್. ಎಂ. ಪಂಡಿತರ ಪೌರಾಣಿಕ ಚಿತ್ರಗಳನ್ನೋ ನೋಡುವ ಕಣ್ಣೂ ತೆರೆಯುತ್ತದೆ. ಆದರೆ ಸಾಮಾನ್ಯ ವಯಸ್ಕರ ಎತ್ತರ ಸುಮಾರು ಏಳೂವರೆ ತಲೆ. ಹದಿಮೂರರ ಮಕ್ಕಳದು ಇನ್ನೂ ಕಡಿಮೆ. ದಿನಾ ಕನ್ನಡಿಯ ಮುಂದೆ ತನ್ನನ್ನು ಅಳೆದುಕೊಳ್ಳುವ ವಯಸ್ಸದು. ಎಂಟು ತಲೆಯ ದೇಹವೊಂದೇ ‘ಸರಿ’ ಎಂದರೆ, ತನ್ನ ಮೈಯೇ ತಪ್ಪೆಂದು ಮಗು ನಂಬಿಬಿಡಬಹುದು. ನನಗಿದು ಸಣ್ಣ ಸಂಗತಿಯಲ್ಲ.

ಇನ್ನೊಂದು, ನೋಡಿ ಬರೆಯುವುದು: ಊರಿನ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಕಾಯಿಪಲ್ಲೆ ಮಾರುವ ಅವ್ವ, ತೊಗರಿ ಚೀಲ ಹೊರುವ ಹಮಾಲ, ಬೆಂಚಿನ ಮೇಲಿನ ಗೆಳೆಯ. ಕಲಿಕೆ ನಿಧಾನ, ಗೆರೆ ಸೊಟ್ಟ. ಸಹಪಾಠಿಯನ್ನು ಕೂರಿಸುವ ಮುನ್ನ ಒಪ್ಪಿಗೆ ಕೇಳಲೇಬೇಕು. ಮೈಕಟ್ಟಿನ ಬಗ್ಗೆ ಒಂದು ಮಾತೂ ಬರಬಾರದು.

ಎಂಟನೇ ತರಗತಿಗೆ ಎರಡನೆಯದನ್ನೇ ಆರಿಸಿ. ತಾಲಮಾನ, ಅಂದರೆ ತಾಲದ ಅಳತೆ, ಹತ್ತನೇ ತರಗತಿಯಲ್ಲಿ ಬರಲಿ, ಅದೂ ದೇವರ ಮೂರ್ತಿಗೆಂದು ಶಿಲ್ಪಿಗಳು ಕಟ್ಟಿಕೊಂಡ ನಿಯಮವೆಂದು ಹೇಳಿಯೇ. ಡ್ರಾಯಿಂಗ್ ಗ್ರೇಡ್ ಪರೀಕ್ಷೆ ಹತ್ತಿರವಿದ್ದರೆ ಮಾತ್ರ ಅಳತೆಯಿಂದ ಶುರುಮಾಡಬಹುದು.