ಭೋಗ್ಯದ ಮನೆಯವರೇ, ಒರಿಜಿನಲ್ ಕರಾರುಪತ್ರ ಯಾರ ಕೈಗೂ ಕೊಡಬೇಡಿ

ತುಮಕೂರಿನ ಕ್ಯಾತ್ಸಂದ್ರದ ಕಡೆ ನಾವಿರುವ ಕಟ್ಟಡದಲ್ಲಿ ಎಲ್ಲಾ ಮನೆಗಳೂ ಭೋಗ್ಯದ್ದೇ. ವಸಂತನರಸಾಪುರದ ಫ್ಯಾಕ್ಟರಿಗಳಿಗೆ ಹೋಗುವವರೇ ಜಾಸ್ತಿ. ಒಬ್ಬರು ಆಟೋ ಓಡಿಸುತ್ತಾರೆ, ಕೆಳಗಿನ ಮನೆಯ ಅಕ್ಕ ಬಟ್ಟೆ ಹೊಲಿಯುತ್ತಾರೆ. ಒಡವೆ ಮಾರಿ, ಚೀಟಿ ಎತ್ತಿ ಲಕ್ಷಗಟ್ಟಲೆ ದುಡ್ಡು ಕೊಟ್ಟು ಬಂದವರು ಎಲ್ಲರೂ. ಒಂದು ಬೆಳಿಗ್ಗೆ ಗೇಟಿನ ಮೇಲೆ ಬ್ಯಾಂಕಿನ ನೋಟಿಸ್ ಅಂಟಿತ್ತು. ನಾವು ಬರುವ ಮೊದಲೇ ಮಾಲೀಕರು ಕಟ್ಟಡ ಅಡವಿಟ್ಟು ಸಾಲ ತೆಗೆದಿದ್ದರು. ಕಂತು ಕಟ್ಟಿರಲಿಲ್ಲ. ಅವರ ಫೋನ್ ಸ್ವಿಚ್ ಆಫ್.

ಇಂಥ ಮೋಸ ಊರಿಗೆ ಹೊಸದಲ್ಲ. ನಾನು ಹೇಳಬೇಕಿರುವುದು ಅದರ ಹಿಂದೆಯೇ ಬಂದ ಇನ್ನೊಂದು ಮೋಸದ ಬಗ್ಗೆ.

ವಾರದೊಳಗೆ ಒಬ್ಬರು ಬಂದರು. ಕಾರಿಗೆ ಯಾವುದೋ ಸಂಘದ ಬೋರ್ಡು. "ನಾನು ಬಾಡಿಗೆದಾರರ ಪರ ಹೋರಾಡೋನು, ಡಿಸಿ ಆಫೀಸಲ್ಲಿ ಎಲ್ಲಾ ನಮ್ಮೋರೇ" ಎಂದರು. ಟೆರೇಸ್ ಮೇಲೆ ಮೀಟಿಂಗ್ ಆಯಿತು, ಫೋಟೋ ಆಯಿತು, ಮನೆಗಿಷ್ಟು ಅಂತ ಖರ್ಚಿನ ದುಡ್ಡು ಎತ್ತಿದ್ದೂ ಆಯಿತು. ಕೇಸ್ ಹಾಕಲು ಬೇಕು ಎಂದು ಒರಿಜಿನಲ್ ಕರಾರುಪತ್ರಗಳನ್ನೂ ತೆಗೆದುಕೊಂಡು ಹೋದರು. ಹೊಲಿಗೆ ಅಕ್ಕ ಒಬ್ಬರೇ "ಜೆರಾಕ್ಸ್ ಬೇಕಾದ್ರೆ ತಗೊಂಡೋಗಿ ಸಾರ್" ಎಂದು ಬೀಗ ಹಾಕಿಕೊಂಡರು. ಆಗ ಉಳಿದವರು ಅವರ ಮೇಲೇ ಸಿಟ್ಟಾದರು!

ಕೇಸು ಹಾಕಲೇ ಇಲ್ಲ. ಇವತ್ತು ನಾಳೆ ಎಂದು ಸತಾಯಿಸಿ, ಕೊನೆಗೆ ಬಂದಾಗ ಅವರ ಮಾತೇ ಬದಲಾಗಿತ್ತು. ಮಾಲೀಕರು ಕಾಲು ಭಾಗ ಕೊಡುತ್ತಾರಂತೆ, ಸಹಿ ಹಾಕಿ ಖಾಲಿ ಮಾಡಬೇಕಂತೆ. ಒಪ್ಪದಿದ್ದರೆ? ಪತ್ರಗಳು ಅವರ ಹತ್ತಿರವೇ ಇದ್ದವಲ್ಲ. ನಮ್ಮದು ಇ-ಸ್ಟಾಂಪ್ ಮೇಲೆ ಬರೆದು ನೋಟರಿ ಮಾಡಿಸಿದ ಕರಾರು. ನೋಂದಣಿ ಆಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತಿತ್ತು. ನೋಟರಿ ಕರಾರಿಗೆ ಆ ದಾರಿ ಇಲ್ಲ.

ಕೊನೆಗೆ ಅಕ್ಕನ ಜೊತೆ ಎಲ್ಲರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆವು. ಕೋರ್ಟ್ ಆವರಣದಲ್ಲೇ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರು ಉಚಿತ. 1987ರ ಕಾಯ್ದೆಯಲ್ಲೇ ಹಾಗಿದೆ. ಯಾವ ನಾಯಕನ ಶಿಫಾರಸೂ ಬೇಕಾಗಲಿಲ್ಲ.

ವಕೀಲರು ಸಿಹಿ ಮಾತು ಆಡಲಿಲ್ಲ. ಅಡವಿಟ್ಟ ಮೇಲೆ ಆದ, ನೋಂದಣಿಯಿಲ್ಲದ ಕರಾರು ಬ್ಯಾಂಕಿನ ಎದುರು ನಿಲ್ಲುವುದು ಕಷ್ಟ ಎಂದರು. ನೋಟಿಸ್ ಕೊಟ್ಟು 60 ದಿನ ಆದ ಮೇಲೆ ಬ್ಯಾಂಕು ಸ್ವಾಧೀನಕ್ಕೆ ಬರಬಹುದು. ಬಂದರೆ ಬಾಡಿಗೆದಾರರೂ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು, ಅದೂ 45 ದಿನದೊಳಗೆ. ನಮ್ಮ ಬೆಲೆಬಾಳುವ ದಿನಗಳನ್ನೆಲ್ಲ ಆ ಹೋರಾಟಗಾರರು ನುಂಗಿದ್ದರು. ಆದರೂ ಮಾಲೀಕರಿಂದ ದುಡ್ಡು ಕೇಳುವ ಹಕ್ಕು ಹೋಗುವುದಿಲ್ಲವಂತೆ. ಬ್ಯಾಂಕ್ ಖಾತೆಯಿಂದ ಕಳಿಸಿದವರ ಹತ್ತಿರ ಅದರ ದಾಖಲೆ ಇದೆ. ಕೈಯಲ್ಲಿ ಎಣಿಸಿ ಕೊಟ್ಟವರ ಪಾಡು ಬೇಡ. ನೋಟರಿಯವರ ರಿಜಿಸ್ಟರಿನಲ್ಲಿ ನಮ್ಮ ಕರಾರುಗಳ ನಮೂದು ಹುಡುಕಿಸಿದ್ದೇವೆ, ಪತ್ರ ವಾಪಸ್ ಕೊಡದ್ದಕ್ಕೆ ಪೊಲೀಸರಿಗೆ ದೂರನ್ನೂ ಕೊಟ್ಟಿದ್ದೇವೆ.

ಭೋಗ್ಯಕ್ಕೆ ಮನೆ ನೋಡುತ್ತಿರುವವರು ಇಸಿ (ಋಣಭಾರ ಪ್ರಮಾಣಪತ್ರ) ಒಂದನ್ನೇ ನಂಬಬೇಡಿ, ಎಲ್ಲಾ ಅಡಮಾನವೂ ಅದರಲ್ಲಿ ಕಾಣುವುದಿಲ್ಲ. ಮನೆಯ ಒರಿಜಿನಲ್ ಕ್ರಯಪತ್ರ ತೋರಿಸಿ ಎಂದು ಮಾಲೀಕರನ್ನು ಕೇಳಿ. ಅಡವಿಟ್ಟಿದ್ದರೆ ಅದು ಸಾಮಾನ್ಯವಾಗಿ ಬ್ಯಾಂಕಿನಲ್ಲಿರುತ್ತದೆ, ಇವರು ಜೆರಾಕ್ಸ್ ಹಿಡಿದು ಏನೇನೋ ಸಬೂಬು ಹೇಳುತ್ತಾರೆ.

ಅದೇ ವ್ಯಕ್ತಿ ಈಗ ಶಿರಾ ಗೇಟ್ ಕಡೆ ಇನ್ನೊಂದು ಕಟ್ಟಡದವರ ಹತ್ತಿರ ಓಡಾಡುತ್ತಿದ್ದಾರೆ ಎಂದು ಕೇಳಿದೆ. ಯಾರಾದರೂ ಹಾಗೆ ಬಂದರೆ ಸಂಘದ ನೋಂದಣಿ ಸಂಖ್ಯೆ ಕೇಳಿ, ದುಡ್ಡಿಗೆ ರಸೀದಿ ಕೇಳಿ, ಕೇಸ್ ನಂಬರ್ ಕೇಳಿ. ಅದಕ್ಕೂ ಮೊದಲು 15100ಕ್ಕೆ ಫೋನ್ ಮಾಡಿ, ಅದು ಉಚಿತ ಕಾನೂನು ನೆರವಿನ ಸಹಾಯವಾಣಿ.