ನೇಪಾಳಿ ಸಿನಿಮಾ ಎಲ್ಲಿಂದ ಶುರು ಮಾಡಬೇಕು: ಬಸ್ಸೋ, ಟೆಂಪೊವೋ, ಕೋಳಿಯೋ?

ಇಲ್ಲಿ ಪಕ್ಕಪಕ್ಕ ಇಟ್ಟಿರುವ ಮೂರೂ ಆಯಾ ನಿರ್ದೇಶಕರ ಚೊಚ್ಚಲ ಕಥಾಚಿತ್ರಗಳು: ದೀಪಕ್ ರೌನಿಯಾರ್ ಅವರ ‘ಹೈವೇ’ (2012), ಮೀನ್ ಬಹಾದುರ್ ಭಾಮ್ ಅವರ ‘ಕಾಲೋ ಪೋಥಿ’ (2015), ಬಿನೋದ್ ಪೌಡೇಲ್ ಅವರ ‘ಬುಲ್‌ಬುಲ್’ (2019). ಒಂದನ್ನೇ ನೋಡುವಷ್ಟು ಪುರುಸೊತ್ತಿದ್ದರೆ ‘ಕಾಲೋ ಪೋಥಿ’ ನೋಡಿ. ಆದರೆ ಅದಕ್ಕೆ ಸ್ವಲ್ಪ ತಯಾರಿ ಬೇಕು.

ಕಥೆಯ ಎಳೆಯಲ್ಲಿ ಎಲ್ಲಕ್ಕಿಂತ ಚುರುಕಾದದ್ದು ‘ಹೈವೇ’. ಪೂರ್ವದ ಇಲಾಮ್‌ನಿಂದ ಕಾಠ್ಮಂಡುವಿಗೆ ಹೊರಟ ಬಸ್ಸು ಬಂದ್‌ಗೆ ಸಿಕ್ಕಿಬೀಳುತ್ತದೆ. ಮದುವೆ ದಿಬ್ಬಣವನ್ನಾದರೆ ಬಂದ್‌ನವರು ಬಿಡುತ್ತಾರೆ. ಹಾಗಾಗಿ ಪ್ರಯಾಣಿಕರು ದಿಬ್ಬಣದವರಾಗುತ್ತಾರೆ. ಇಷ್ಟರಲ್ಲೇ ಒಂದು ಪೂರ್ತಿ ಸಿನಿಮಾ ಇತ್ತು. ನಿರ್ದೇಶಕರು ಮಾತ್ರ ಬಸ್ಸಿನಿಂದ ಪದೇಪದೇ ಇಳಿದು ಒಬ್ಬೊಬ್ಬರ ದಾಂಪತ್ಯ, ಪ್ರೇಮ, ಗುಟ್ಟುಗಳಿಗೆ ಹೋಗುತ್ತಾರೆ, ಕಾಲವನ್ನೂ ಹಿಂದೆಮುಂದೆ ಮಾಡುತ್ತಾರೆ. ಯಾರು ಯಾರ ಜೊತೆಗಿದ್ದಾರೆ ಎಂಬುದು ತಲೆಗೆ ಹತ್ತುವ ಮೊದಲೇ ದೃಶ್ಯ ಬದಲಾಗಿರುತ್ತದೆ. ಬರ್ಲಿನ್ ಚಿತ್ರೋತ್ಸವದ ಪನೋರಮಾ ವಿಭಾಗಕ್ಕೆ ಹೋದ ಚಿತ್ರ, ನಿಜ. ಆದರೂ ಮೊದಲು ನೋಡಲು ಇದು ಬೇಡ.

‘ಬುಲ್‌ಬುಲ್’ ಇದಕ್ಕೆ ತದ್ವಿರುದ್ಧ. ಕಾಠ್ಮಂಡುವಿನಲ್ಲಿ ಸಫಾ ಟೆಂಪೊ ಓಡಿಸುವ ರಣಕಲಾ ಎಂಬ ಹೆಂಗಸನ್ನು ಬಿಟ್ಟು ಕ್ಯಾಮೆರಾ ಹೆಚ್ಚು ದೂರ ಹೋಗುವುದೇ ಇಲ್ಲ. ಗಂಡ ದುಡಿಯಲು ಪರದೇಶಕ್ಕೆ ಹೋಗಿದ್ದಾನೆ; ಮನೆಯ ಜವಾಬ್ದಾರಿ ಇವಳದು. ಸಫಾ ಟೆಂಪೊ ಎಂದರೆ ಬ್ಯಾಟರಿಯ ಮೂರು ಚಕ್ರದ ಗಾಡಿ. 1999ರಲ್ಲಿ ಡೀಸೆಲ್ ವಿಕ್ರಂ ಟೆಂಪೊಗಳನ್ನು ಕಣಿವೆಯಿಂದ ಹೊರಹಾಕಿದ ಮೇಲೆ ಇವು ಹೆಚ್ಚಾದವು, ಇವನ್ನು ಓಡಿಸುವ ಹೆಂಗಸರೂ ಬಹಳ. ಸ್ವಸ್ತಿಮಾ ಖಡ್ಕಾ ಸ್ಟೀರಿಂಗ್ ಹಿಡಿದು ಕೂತಾಗ ನಟಿ ಕಾಣುವುದಿಲ್ಲ, ಚಾಲಕಿಯೇ ಕಾಣುತ್ತಾಳೆ. ದಿನಚರಿ ಮರುಕಳಿಸುವುದರಿಂದ ನಡುಭಾಗ ಎಳೆದಂತೆ ಅನಿಸಬಹುದು. ಅವಳ ಬೇಸರವೇ ಕಥೆಯಾದ್ದರಿಂದ ಕತ್ತರಿಸಿದ್ದರೆ ಚಿತ್ರವೇ ಉಳಿಯುತ್ತಿರಲಿಲ್ಲ. ಹಿನ್ನೆಲೆ ಏನೂ ಗೊತ್ತಿಲ್ಲದೆ ನೋಡಬಹುದಾದದ್ದು ಮೂರರಲ್ಲಿ ಇದೊಂದೇ.

‘ಕಾಲೋ ಪೋಥಿ’ಗೆ ಬೇಕಾದ ಹಿನ್ನೆಲೆ ಇಷ್ಟು: ನೇಪಾಳದ ಸರ್ಕಾರದ ವಿರುದ್ಧ ಮಾವೋವಾದಿಗಳ ಯುದ್ಧ ನಡೆದದ್ದು 1996ರಿಂದ 2006ರವರೆಗೆ, 2001ರ ಜೂನ್ 1ರಂದು ಅರಮನೆಯಲ್ಲಿ ರಾಜ ಬೀರೇಂದ್ರರ ಹತ್ಯೆ, ಜುಲೈಯಲ್ಲಿ ಕದನವಿರಾಮ, ನವೆಂಬರಿನಲ್ಲಿ ಅದು ಮುರಿದುಬಿತ್ತು. ಚಿತ್ರ ನಿಂತಿರುವುದು ಈ ಬಿಡುವಿನ ಮೇಲೆ. ಪ್ರಕಾಶ ದಲಿತರ ಹುಡುಗ, ಕಿರಣ ಮೇಲ್ಜಾತಿಯವನು. ಮೊಟ್ಟೆ ಮಾರಿ ಹಣ ಕೂಡಿಸೋಣವೆಂದು ಇಬ್ಬರೂ ಸಾಕಿದ ಕೋಳಿ ಕಾಣೆಯಾಗುತ್ತದೆ, ಹುಡುಕಲು ಹೊರಡುತ್ತಾರೆ. ಯುದ್ಧ ಯಾವ ಹಾದಿಯಲ್ಲಿದೆ ಎಂದು ಅವರಿಗೆ ಗೊತ್ತಿಲ್ಲ, ನಮಗೆ ಗೊತ್ತು. ಭಯ ಹುಟ್ಟುವುದು ಈ ಅಂತರದಿಂದಲೇ. ಜಾತಿಯ ಬಗ್ಗೆ ಯಾರೂ ಭಾಷಣ ಬಿಗಿಯುವುದಿಲ್ಲ. ಮಕ್ಕಳ ಕನಸಿನ ದೃಶ್ಯಗಳು ಮಾತ್ರ ಕೊಂಚ ಹೆಚ್ಚಾದವು. ಚೊಚ್ಚಲ ಚಿತ್ರದ ಹುರುಪು ಕಾಣುವುದು ಅಲ್ಲಿ.

ಛಾಯಾಗ್ರಾಹಕ ಕಜಕಸ್ತಾನದ ಅಜೀಜ್ ಝಂಬಾಕಿಯೆವ್, 2013ರಲ್ಲಿ ಬರ್ಲಿನ್ ಚಿತ್ರೋತ್ಸವದ ಬೆಳ್ಳಿಕರಡಿ ಪ್ರಶಸ್ತಿ ಗೆದ್ದವರು. ದೂರದಿಂದ ಹಿಡಿದ ಉದ್ದುದ್ದ ಶಾಟ್‌ಗಳಲ್ಲಿ ಹುಡುಗರು ಬೆಟ್ಟದ ಮೇಲೆ ಚುಕ್ಕೆಯಾಗುತ್ತಾರೆ. ಫೋನಿನಲ್ಲಿ ನೋಡಿದರೆ ಆ ಚುಕ್ಕೆಗಳೂ ಕಾಣುವುದಿಲ್ಲ, ಚಿತ್ರ ಸುಮ್ಮನೆ ನಿಧಾನ ಅನಿಸಿಬಿಡುತ್ತದೆ. ಟೀವಿಯಾದರೂ ಬೇಕು, ಕೋಣೆ ಕತ್ತಲಾಗಿರಲಿ. ಇರುವುದು 90 ನಿಮಿಷ, ಒಂದೇ ಕೂರಿಕೆಯಲ್ಲಿ ಮುಗಿಸಿ. ಹಿಂದಿ ಬರುವವರು ‘ಬುಲ್‌ಬುಲ್’ನ ಮಾತನ್ನು ಅಲ್ಲಲ್ಲಿ ಹಿಡಿಯಬಹುದು, ‘ಕಾಲೋ ಪೋಥಿ’ಯ ಬೆಟ್ಟದೂರಿನ ಮಾತಿಗೆ ಸಬ್‌ಟೈಟಲ್ ಇಲ್ಲದೆ ಆಗುವುದಿಲ್ಲ.