ಅಟ್ಲಾಸ್ ಮತ್ತು ಆರ್‌ಡಿಎಸ್: ಯೂಸರ್‌ಗಳನ್ನು ಸೇರಿಸೋದು, ತೆಗೆಯೋದು ಯಾವುದರಲ್ಲಿ ಸಲೀಸು?

ಜಯನಗರದಲ್ಲಿ ನಮ್ಮದೊಂದು ಚಿಕ್ಕ ತಂಡ. ಅಪಾರ್ಟ್‌ಮೆಂಟ್‌ಗಳ ನೀರಿನ ಟ್ಯಾಂಕರ್ ಲೆಕ್ಕ ಇಡುವ ಆ್ಯಪ್ ಮಾಡುತ್ತೇವೆ. ಅದೇ ಡೇಟಾವನ್ನು ಮಾಂಗೋಡಿಬಿ ಅಟ್ಲಾಸ್‌ನಲ್ಲೂ ಅಮೆಜಾನ್ ಆರ್‌ಡಿಎಸ್‌ನ ಪೋಸ್ಟ್‌ಗ್ರೆಸ್‌ನಲ್ಲೂ ಇಟ್ಟು ನೋಡಿದೆವು, ಎರಡೂ ಕ್ಲೌಡ್‌ನಲ್ಲಿ ನಡೆಯುವ ಡೇಟಾಬೇಸ್ ಸೇವೆಗಳು, ಎರಡೂ ಮುಂಬೈ ರೀಜನ್‌ನಲ್ಲೇ (ಅಲ್ಲಿನ ಸರ್ವರ್‌ಗಳಲ್ಲೇ). ವೇಗದ ಮಾತು ಇಲ್ಲಿ ಬೇಡ, ಅದನ್ನು ಬರೆಯೋರು ಬೇಕಾದಷ್ಟು ಜನ ಇದ್ದಾರೆ. ಯಾರಿಗೆ ಲಾಗಿನ್ ಕೊಡಬೇಕು, ಅವರಿಗೆ ಎಷ್ಟು ಕಾಣಬೇಕು, ಅವರು ಕೆಲಸ ಬಿಟ್ಟಾಗ ಹೇಗೆ ತೆಗೆಯಬೇಕು? ನಮ್ಮನ್ನು ದಿನಾ ಕಾಡೋದು ಇದು.

ಮೊದಲ ಕನೆಕ್ಷನ್‌ನಲ್ಲಿ ಅಟ್ಲಾಸ್ ಗೆಲ್ಲುತ್ತದೆ. ಉಚಿತ ಎಂ0 ಕ್ಲಸ್ಟರ್‌ನಲ್ಲಿ 512 ಎಂಬಿ ಜಾಗ ಸಿಗುತ್ತದೆ, ಪ್ರಯೋಗಕ್ಕೆ ಸಾಕು. ಒಬ್ಬ ಡೇಟಾಬೇಸ್ ಯೂಸರ್, ಒಂದು ಐಪಿ (ನಿಮ್ಮ ಇಂಟರ್ನೆಟ್ ಕನೆಕ್ಷನ್‌ನ ವಿಳಾಸ), ಒಂದು ಕನೆಕ್ಷನ್ ಸ್ಟ್ರಿಂಗ್ (ಡೇಟಾಬೇಸ್‌ನ ವಿಳಾಸ, ಯೂಸರ್, ಪಾಸ್‌ವರ್ಡ್ ಸೇರಿದ ಒಂದು ಸಾಲು), ಅಷ್ಟೇ. ಹೊಸಬರು ಎಡವೋದು ಎರಡು ಕಡೆ. ವೆಬ್‌ಸೈಟ್‌ಗೆ ಲಾಗಿನ್ ಆಗುವ ಅಕೌಂಟ್ ಬೇರೆ, ಡೇಟಾಬೇಸ್ ಯೂಸರ್ ಬೇರೆ. ಒಂದರ ಪಾಸ್‌ವರ್ಡ್ ಇನ್ನೊಂದಕ್ಕೆ ನಡೆಯಲ್ಲ. ಮತ್ತೆ, ಪಾಸ್‌ವರ್ಡ್‌ನಲ್ಲಿ @ ಇದ್ದರೆ ಸ್ಟ್ರಿಂಗ್‌ನಲ್ಲಿ ಅದನ್ನು %40 ಅಂತ ಬರೆಯಬೇಕು.

ಆರ್‌ಡಿಎಸ್‌ನಲ್ಲಿ ಮೊದಲ ದಿನ ಕೆಲಸ ಜಾಸ್ತಿ. ವಿಪಿಸಿ (ಅಮೆಜಾನ್ ಕ್ಲೌಡ್‌ನಲ್ಲಿ ನಮ್ಮದೇ ಖಾಸಗಿ ನೆಟ್‌ವರ್ಕ್), ಅದರ ಭಾಗವಾದ ಸಬ್‌ನೆಟ್, ಯಾರು ಒಳಬರಬಹುದು ಅನ್ನೋ ರೂಲ್‌ಗಳಿರುವ ಸೆಕ್ಯುರಿಟಿ ಗ್ರೂಪ್, ಪೋಸ್ಟ್‌ಗ್ರೆಸ್‌ನ 5432 ಪೋರ್ಟ್, ಇಷ್ಟೂ ಸರಿಯಾಗಿ ಕೂರಬೇಕು. ಹೊರಗಿನಿಂದ ನೇರವಾಗಿ ಕನೆಕ್ಟ್ ಆಗಲು 'ಪಬ್ಲಿಕ್' ಮಾಡಿಬಿಡಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.

ಬೆಂಗಳೂರಿನಲ್ಲಿ ಮನೆಯಿಂದ ಕೆಲಸ ಮಾಡೋರಿಗೆ ಐಪಿ ಒಂದು ದೊಡ್ಡ ತಲೆನೋವು. ಕರೆಂಟ್ ಹೋಗಿ ಬಂದು ರೂಟರ್ ಮತ್ತೆ ಆನ್ ಆದರೆ ಎಷ್ಟೋ ಸಲ ಐಪಿ ಬದಲಾಗಿರುತ್ತದೆ, ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡರೆ ಇನ್ನೊಂದು. ಅಟ್ಲಾಸ್‌ನಲ್ಲಿ ಇದಕ್ಕೆ ಒಳ್ಳೆ ವ್ಯವಸ್ಥೆ ಇದೆ: ಈಗಿನ ಐಪಿಯನ್ನು ಒಂದೇ ಬಟನ್‌ನಲ್ಲಿ ಸೇರಿಸಬಹುದು, 6 ಗಂಟೆ, 1 ದಿನ ಅಥವಾ 1 ವಾರಕ್ಕೆ ಮಾತ್ರ ಅಂತ ಹೇಳಿದರೆ ಆಮೇಲೆ ತಾನೇ ಅಳಿಸಿಹೋಗುತ್ತದೆ. ಸೆಕ್ಯುರಿಟಿ ಗ್ರೂಪ್‌ನ ರೂಲ್‌ಗೆ ಇಂಥ ಅವಧಿ ಇಲ್ಲ, ಯಾರಾದರೂ ತೆಗೆಯುವ ತನಕ ಅಲ್ಲೇ ಇರುತ್ತದೆ. ಎರಡರಲ್ಲೂ 0.0.0.0/0 (ಅಂದರೆ ಯಾವ ಐಪಿಯಾದರೂ ಸರಿ) ಹಾಕಿ ಕೈತೊಳೆದುಕೊಳ್ಳುವ ಆಸೆ ಬರುತ್ತದೆ. ಬೇಡ. ಆಗ ಇಡೀ ಜಗತ್ತಿಗೂ ನಿಮ್ಮ ಡೇಟಾಗೂ ಮಧ್ಯೆ ಉಳಿಯೋದು ಬರೀ ಪಾಸ್‌ವರ್ಡ್.

ಆದರೆ ಆರ್‌ಡಿಎಸ್‌ನಲ್ಲಿ ನಾವು ಕೊನೆಗೆ ಎಡಬ್ಲ್ಯುಎಸ್‌ನ (ಅಮೆಜಾನ್‌ನ ಕ್ಲೌಡ್) ಸೆಷನ್ ಮ್ಯಾನೇಜರ್ ಹಿಡಿದೆವು. ವಿಪಿಸಿ ಒಳಗೆ ಒಂದು ಚಿಕ್ಕ ಇಸಿ2 ಮೆಷಿನ್ (ಅಮೆಜಾನ್‌ನ ಬಾಡಿಗೆ ಸರ್ವರ್) ಇಟ್ಟು ಅದರ ಮೂಲಕ ಪೋರ್ಟ್ ಫಾರ್ವರ್ಡ್ ಮಾಡೋದು, ಅಂದರೆ ಲ್ಯಾಪ್‌ಟಾಪ್‌ನ ಒಂದು ಪೋರ್ಟನ್ನು ಡೇಟಾಬೇಸ್‌ಗೆ ಜೋಡಿಸೋದು. ಹೊರಗಿನಿಂದ ಒಳಬರುವ ಪೋರ್ಟ್ ಒಂದೂ ತೆರೆದಿಲ್ಲ, ಲ್ಯಾಪ್‌ಟಾಪ್‌ನ ಐಪಿ ಏನಾದರೂ ಆಗಲಿ, ಎಡಬ್ಲ್ಯುಎಸ್ ಲಾಗಿನ್ ಇದ್ದರೆ ಕೆಲಸ ನಡೆಯುತ್ತದೆ. ಇದಾದ ಮೇಲೆ ಐಪಿ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ.

ಈಗ ಪರ್ಮಿಷನ್ ವಿಷಯ. ಅಟ್ಲಾಸ್‌ನಲ್ಲಿ ಓದಲು ಮಾತ್ರ, ಓದಿ ಬರೆಯಲು, ಅಡ್ಮಿನ್ ಅಂತ ಸಿದ್ಧ ರೋಲ್‌ಗಳಿವೆ. ಬೇಕಿದ್ದರೆ ಕಲೆಕ್ಷನ್ (ಪೋಸ್ಟ್‌ಗ್ರೆಸ್‌ನ ಟೇಬಲ್ ಇದ್ದ ಹಾಗೆ) ಮಟ್ಟಕ್ಕೆ ಕಸ್ಟಮ್ ರೋಲ್ ಮಾಡಬಹುದು. ಶೆಲ್‌ನಲ್ಲಿ ಕ್ರಿಯೇಟ್ ಯೂಸರ್ ಕಮಾಂಡ್ ಕೊಟ್ಟರೆ ಆಗಲ್ಲ, ಅಟ್ಲಾಸ್‌ನ ವೆಬ್ ಪುಟ, ಸಿಎಲ್‌ಐ (ಅಟ್ಲಾಸ್‌ನದೇ ಕಮಾಂಡ್ ಸಾಧನ) ಅಥವಾ ಎಪಿಐ (ಪ್ರೋಗ್ರಾಂನಿಂದ ಕರೆಯುವ ದಾರಿ) ಮೂಲಕವೇ ಮಾಡಬೇಕು. ಒಂದೇ ಕಡೆ ಎಲ್ಲ ಯೂಸರ್‌ಗಳೂ ಕಾಣೋದರಿಂದ ನನಗೆ ಇದು ಇಷ್ಟವಾಯಿತು.

ಪೋಸ್ಟ್‌ಗ್ರೆಸ್ ಕಲಿಯೋಕೆ ಕಷ್ಟ, ಆದರೆ ಹಿಡಿತ ಅದರದೇ. ನಮ್ಮ ಅಕೌಂಟೆಂಟ್‌ಗೆ ಟ್ಯಾಂಕರ್ ಬಿಲ್ ಕಾಣಬೇಕು, ಫ್ಲ್ಯಾಟ್‌ನವರ ಫೋನ್ ನಂಬರ್ ಕಾಣಬಾರದು. ಇಲ್ಲಿ ಬೇಕಾದ ಕಾಲಮ್‌ಗಳಿಗೆ ಮಾತ್ರ ಗ್ರಾಂಟ್ (ಅನುಮತಿ) ಕೊಟ್ಟರೆ ಮುಗಿಯಿತು. ಅಟ್ಲಾಸ್‌ನಲ್ಲಿ ಇದಕ್ಕೇ ಅಂತ ಒಂದು ವ್ಯೂ (ಬೇಕಾದ ಭಾಗ ಮಾತ್ರ ತೋರಿಸುವ ನೋಟ) ಮಾಡಬೇಕಾಯಿತು. ಒಂದು ಎಚ್ಚರ: ಇವತ್ತು ಕೊಟ್ಟ ಗ್ರಾಂಟ್ ನಾಳೆ ಹುಟ್ಟುವ ಟೇಬಲ್‌ಗೆ ತಾನಾಗಿ ಸಿಗಲ್ಲ. ಆಲ್ಟರ್ ಡಿಫಾಲ್ಟ್ ಪ್ರಿವಿಲೇಜಸ್ ಅನ್ನೋ ಕಮಾಂಡ್ ಕೊಡಬೇಕು, ಅದೂ ಟೇಬಲ್ ಮಾಡುವ ರೋಲ್ (ಪೋಸ್ಟ್‌ಗ್ರೆಸ್‌ನಲ್ಲಿ ಯೂಸರ್ ಕೂಡ ಒಂದು ರೋಲೇ) ಯಾವುದೋ ಅದರ ಹೆಸರಲ್ಲೇ. ಎಲ್ಲವನ್ನೂ ಓದಲಷ್ಟೇ ಬಿಡೋದಾದರೆ 14ನೇ ಆವೃತ್ತಿಯಿಂದ ಪಿಜಿ ರೀಡ್ ಆಲ್ ಡೇಟಾ ಅನ್ನೋ ರೋಲ್ ಇದೆ, ಅದನ್ನು ಕೊಟ್ಟರೆ ಸಾಕು.

ತೆಗೆಯುವ ವಿಷಯಕ್ಕೆ ಬಂದರೆ ಅಟ್ಲಾಸ್ ಎದುರು ಪೋಸ್ಟ್‌ಗ್ರೆಸ್ ಸೋಲುತ್ತದೆ. ಅಟ್ಲಾಸ್‌ನಲ್ಲಿ ಇಂಟರ್ನ್‌ಗೆ 1 ವಾರದ ತಾತ್ಕಾಲಿಕ ಯೂಸರ್ ಮಾಡಿಕೊಟ್ಟರೆ ಅವಧಿ ಮುಗಿದಾಗ ತಾನೇ ಹೋಗುತ್ತದೆ. ಎಷ್ಟು ನೆಮ್ಮದಿ ಅಲ್ವಾ? ಪೋಸ್ಟ್‌ಗ್ರೆಸ್‌ನಲ್ಲಿ ಡ್ರಾಪ್ ರೋಲ್ ಅಂದರೆ, ಆ ಯೂಸರ್ ಹೆಸರಲ್ಲಿ ಟೇಬಲ್ ಇದ್ದರೆ, ಏನಾದರೂ ಗ್ರಾಂಟ್ ಉಳಿದಿದ್ದರೆ, ಆಗಲ್ಲ ಅನ್ನುತ್ತದೆ. ಮೊದಲು ರೀಅಸೈನ್ ಓನ್ಡ್ (ಅವರ ಟೇಬಲ್‌ಗಳನ್ನು ಬೇರೆಯವರ ಹೆಸರಿಗೆ ಮಾಡೋದು), ಆಮೇಲೆ ಡ್ರಾಪ್ ಓನ್ಡ್ (ಉಳಿದ ಗ್ರಾಂಟ್ ತೆಗೆಯೋದು), ಅದೂ ಯೂಸರ್‌ಗೆ ಸಂಬಂಧಿಸಿದ್ದು ಏನಾದರೂ ಇರುವ ಪ್ರತಿ ಡೇಟಾಬೇಸ್‌ನಲ್ಲೂ. ಬರೀ ನೋಲಾಗಿನ್ ಮಾಡಿದರೆ ಹೊಸ ಕನೆಕ್ಷನ್ ನಿಲ್ಲುತ್ತದೆ, ಆಗಲೇ ತೆರೆದಿರೋದು ನಡೆಯುತ್ತಲೇ ಇರುತ್ತದೆ. ಅದನ್ನು ಬೇರೆಯಾಗಿ ಕಡಿಯಬೇಕು. ವ್ಯಾಲಿಡ್ ಅಂಟಿಲ್ ಅಂತ ದಿನಾಂಕ ಕೊಡಬಹುದು ನಿಜ, ಆದರೆ ಅದು ಪಾಸ್‌ವರ್ಡ್‌ಗೆ ಮಾತ್ರ, ರೋಲ್ ಹಾಗೇ ಉಳಿಯುತ್ತದೆ.

ಈ ಕೊರತೆ ತುಂಬಿಸಲು ಆರ್‌ಡಿಎಸ್‌ನ ಐಎಎಂ (ಎಡಬ್ಲ್ಯುಎಸ್‌ನಲ್ಲಿ ಯಾರಿಗೆ ಯಾವ ಅನುಮತಿ ಅಂತ ನೋಡಿಕೊಳ್ಳುವ ವ್ಯವಸ್ಥೆ) ಲಾಗಿನ್ ಬಳಸಿದೆವು. ಪಾಸ್‌ವರ್ಡ್ ಬದಲು 15 ನಿಮಿಷ ಬಾಳುವ ಟೋಕನ್. ಯಾರಾದರೂ ಬಿಟ್ಟು ಹೋದರೆ ಅವರ ಐಎಎಂ ಅನುಮತಿ ತೆಗೆದರೆ ಹೊಸ ಲಾಗಿನ್‌ಗೆ ದಾರಿಯೇ ಇಲ್ಲ, ರೋಲ್ ಸ್ವಚ್ಛ ಮಾಡೋದನ್ನು ನಿಧಾನವಾಗಿ ಮಾಡಿಕೊಳ್ಳಬಹುದು.

ಹೀಗಾಗಿ ಬಿಲ್ಲಿಂಗ್ ಈಗ ಆರ್‌ಡಿಎಸ್‌ನಲ್ಲಿ ನಡೆಯುತ್ತಿದೆ. ನಾಲ್ಕಾರು ಜನರ ಹಣದ ಲೆಕ್ಕ, ಬೇರೆಯವರ ಫೋನ್ ನಂಬರ್ ಇರುವ ಕಡೆ ನಾನು ಅದನ್ನೇ ಹೇಳುತ್ತೇನೆ. ಹೊಸ ಐಡಿಯಾ ಪರೀಕ್ಷೆಗೆ, ಇಂಟರ್ನ್‌ಗಳು ಬಂದುಹೋಗುವ ಕೆಲಸಕ್ಕೆ ಅಟ್ಲಾಸ್ ಇಟ್ಟುಕೊಂಡಿದ್ದೇವೆ, ಅದರಲ್ಲಿ ನಿಜವಾದ ನಿವಾಸಿಗಳ ಡೇಟಾ ಮಾತ್ರ ಹಾಕುವುದಿಲ್ಲ.